ಬೆಳಗಿನ ಜಾವದ ಕಚ್ಚಾ ಹೊಲಿಗೆ

ನಮ್ಮ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ. ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಸಂಪಿನ ಪೈಪಿನಲ್ಲಿ ಮೊದಲು ಗಾಳಿ ಕೆಮ್ಮುತ್ತದೆ, ಆಮೇಲೆ ನೀರು ಬೀಳುತ್ತದೆ. ಬೆಂಗಳೂರಿನ ವಿಜಯನಗರದ ಈ ಮನೆಗೆ ಬಂದು ಹದಿನಾರು ವರ್ಷವಾಯಿತು. ಆ ಸದ್ದಿಗೆ ಎಚ್ಚರವಾಗುವುದು ಮೈಗೆ ಅಂಟಿದ ಅಭ್ಯಾಸ. ಎದ್ದು, ಸಂಪಿನ ಮುಚ್ಚಳ ಸರಿಸಿ ನೋಡಿ, ಮೋಟರ್ ಹಾಕಿ, ಮೇಲಿನ ಟ್ಯಾಂಕ್ ತುಂಬುವವರೆಗೆ ಕಾಯಬೇಕು. ಮುಕ್ಕಾಲು ಗಂಟೆ ಹಿಡಿಯುತ್ತದೆ. ಇಷ್ಟು ವರ್ಷ ಆ ಹೊತ್ತನ್ನು ಫೋನ್ ನೋಡುತ್ತ ಕಳೆದಿದ್ದೇನೆ. ಈ ವರ್ಷ ಆಷಾಢದಲ್ಲಿ ಒಂದು ದಿನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಊಟದ ಮೇಜಿನ ಮೇಲೆ ಮಗಳ ಲಾಂಗ್ ಬುಕ್ ಬಿದ್ದಿತ್ತು. 200 ಪುಟದ್ದು, ಒಂದು ಪುಟವೂ ಬರೆಯದ್ದು. ಪೆನ್ನು ತೆಗೆದುಕೊಂಡು ಒಂದು ವಾಕ್ಯ ಬರೆದೆ. "ಆಷಾಢ ಬಂತೆಂದರೆ ಅಂಗಡಿಯಲ್ಲಿ ಮಿಷನ್ನಿಗೆ ಎಣ್ಣೆ ಹಾಕುವ ಕಾಲ." ಟ್ಯಾಂಕ್ ತುಂಬಿ ನೀರು ಮೇಲಿಂದ ಸುರಿಯುವ ಸದ್ದು ಕೇಳಿಸಿದಾಗ ಒಂದೂಕಾಲು ಪುಟ ಆಗಿತ್ತು.

ಅದಕ್ಕೆ ಮೊದಲಿನ ಹನ್ನೊಂದು ವರ್ಷದ ಲೆಕ್ಕವನ್ನೂ ಹೇಳಬೇಕು. ಅಪ್ಪ ತೀರಿಕೊಂಡ ಎರಡು ವರ್ಷಕ್ಕೆ, 2014ರಲ್ಲಿ, ಅವರ ಟೈಲರ್ ಅಂಗಡಿಯ ಸುತ್ತ ಒಂದು ಕಾದಂಬರಿ ಬರೆಯಬೇಕು ಅಂತ ಮನಸ್ಸಿಗೆ ಬಂತು. ಅಂದಿನಿಂದ ನನ್ನ ಲ್ಯಾಪ್‌ಟಾಪಿನಲ್ಲಿ 'ಮೊದಲ ಪುಟ' ಅನ್ನುವ ಹೆಸರಿನ 14 ಫೈಲುಗಳು ಸೇರಿಕೊಂಡಿವೆ. ಒಂದರಲ್ಲಿ ಕತೆ ಮಳೆಯಿಂದ ಶುರುವಾಗುತ್ತದೆ, ಒಂದರಲ್ಲಿ ಷಟರ್ ಎಳೆಯುವ ಸದ್ದಿನಿಂದ, ಇನ್ನೊಂದರಲ್ಲಿ ಒಂದು ಸಾವಿನಿಂದ. ಯಾವುದೂ ಎರಡನೇ ಪುಟಕ್ಕೆ ಹೋಗಲಿಲ್ಲ. ಒಮ್ಮೆ ಒಂದು ಕಮ್ಮಟಕ್ಕೆ ಹೋಗಿದ್ದೆ. ಮೊದಲ ವಾಕ್ಯವೇ ಓದುಗರನ್ನು ಹಿಡಿದು ಕೂರಿಸಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ ಅಂತ ಅಲ್ಲಿ ಹಿರಿಯರೊಬ್ಬರು ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಮುಗಿದ ಪುಸ್ತಕಕ್ಕೆ ಅದು ಸರಿಯಾದ ಮಾತು ಕೂಡ. ಆದರೆ ಇನ್ನೂ ಹುಟ್ಟದ ಪುಸ್ತಕದ ಎದುರು ಆ ಮಾತು ಆಡಬಾರದು ಅಂತ ಈಗ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಅದನ್ನು ಕೇಳಿದ ಮೇಲೆ ನಾಲ್ಕು ವರ್ಷ ಮೊದಲ ವಾಕ್ಯವನ್ನೇ ತಿದ್ದುತ್ತಾ ಕೂತೆ. ಆ ನಾಲ್ಕು ವರ್ಷದಲ್ಲಿ ನನ್ನ ಪಾತ್ರಗಳಿಗೆ ಒಂದು ಲೋಟ ಕಾಫಿ ಕುಡಿಯುವಷ್ಟೂ ಜಾಗ ಸಿಗಲಿಲ್ಲ.

ಈಗ ಕಾರ್ತಿಕ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆಗೆ ತಯಾರಿ ನಡೆದಿದೆ. ಲಾಂಗ್ ಬುಕ್ಕಿನಲ್ಲಿ 178 ಪುಟ ತುಂಬಿದೆ. ಸುಮಾರು 130 ದಿನಗಳಲ್ಲಿ 27 ದಿನ ಬರೆದಿಲ್ಲ, ಉಳಿದ ದಿನ ಒಂದೂವರೆ ಪುಟವೋ ಎರಡು ಪುಟವೋ ಆಗಿದೆ. ಇದು ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ. ಹನ್ನೊಂದು ವರ್ಷ ಆಗದ್ದು ನಾಲ್ಕು ತಿಂಗಳಲ್ಲಿ ಹೇಗಾಯಿತು ಅಂತ ಯೋಚಿಸುತ್ತಲೇ ಇದ್ದೇನೆ. ಆ ಯೋಚನೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಷಾಢ ಮತ್ತು ಬೋಣಿ

ಆಷಾಢದಲ್ಲಿ ಶುರುವಾಯಿತು ಅಂದಾಗ ಅಮ್ಮ ಮುಖ ಚಿಕ್ಕದು ಮಾಡಿದರು. "ಇನ್ನು ಹದಿನೈದು ದಿನ ಕಾದಿದ್ರೆ ಶ್ರಾವಣ ಬರ್ತಿತ್ತಲ್ಲ. ಹೊಸದನ್ನ ಯಾರಾದ್ರೂ ಆಷಾಢದಲ್ಲಿ ಶುರು ಮಾಡ್ತಾರಾ?" ಅಮ್ಮನಿಗೆ ಹೇಗೆ ಹೇಳಲಿ, ಆಷಾಢ ಆದದ್ದಕ್ಕೇ ಇದು ಶುರುವಾದದ್ದು ಅಂತ? ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಏನನ್ನೂ ನಿರೀಕ್ಷಿಸದ ತಿಂಗಳು ಅದು. ನನ್ನಿಂದ ನಾನೂ ಏನನ್ನೂ ನಿರೀಕ್ಷಿಸಲಿಲ್ಲ. ಶ್ರಾವಣದ ಶುಕ್ರವಾರ ನೋಡಿ, ಹೊಸ ಪೆನ್ನು ಕೊಂಡು, ದೇವರ ಮುಂದೆ ಪುಸ್ತಕ ಇಟ್ಟು ಶುರುಮಾಡಿದ್ದರೆ ಹದಿನೈದನೇ 'ಮೊದಲ ಪುಟ' ಆಗುತ್ತಿತ್ತು.

ಆಷಾಢದ ಅಂಗಡಿ ನನಗೆ ಚೆನ್ನಾಗಿ ನೆನಪಿದೆ. ಶ್ರೀರಾಂಪುರದಲ್ಲಿ, ಈಗ ಹಸಿರು ಮಾರ್ಗದ ಮೆಟ್ರೋ ಸ್ಟೇಷನ್ ಇರುವ ಕಡೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಅಡ್ಡರಸ್ತೆ. ಎಂಟಡಿ ಅಗಲದ ಅಂಗಡಿ. ಎರಡು ಮಿಷನ್ನು, ಒಂದು ಕಟಿಂಗ್ ಟೇಬಲ್, ಗೋಡೆಗೆ ಒಂದು ಉದ್ದ ಕನ್ನಡಿ. ಮದುವೆ ಕಾಲದಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆಷಾಢದಲ್ಲಿ ದಿನವಿಡೀ ಒಂದು ಪ್ಯಾಂಟಿನ ಜಿಪ್ ಬದಲಾಯಿಸುವ ಕೆಲಸವೂ ಬರುತ್ತಿರಲಿಲ್ಲ. ಆದರೂ ಅಪ್ಪ ಒಂಬತ್ತೂವರೆಗೆ ಷಟರ್ ಎತ್ತುತ್ತಿದ್ದರು. ಮಿಷನ್ನು ಬಿಚ್ಚಿ, ಹಳೇ ಬನಿಯನ್ನಿನಿಂದ ಒರೆಸಿ, ಎಣ್ಣೆ ಹಾಕುತ್ತಿದ್ದರು. ಕತ್ತರಿಗೆ ಸಾಣೆ ಹಿಡಿಸುತ್ತಿದ್ದರು. ಮಿಕ್ಕ ತುಂಡು ಬಟ್ಟೆಗಳಲ್ಲಿ ಕಾಲರ್ ಹೊಲಿದು ನೋಡುತ್ತಿದ್ದರು, ಯಾರಿಗೂ ಬೇಡದ ಕಾಲರ್. ಸಂಜೆ ನಾನು ಸ್ಕೂಲಿನಿಂದ ಬಂದು, ಗಿರಾಕಿ ಬಂದಿದ್ರಾ ಅಂತ ಕೇಳುತ್ತಿದ್ದೆ. ಇಲ್ಲ ಅನ್ನುತ್ತಿದ್ದರು. ಹಾಗಾದ್ರೆ ಯಾಕೆ ತೆಗೀತೀರಿ ಅಂದರೆ, "ಬಂದೋರು ಬಾಗಿಲು ಹಾಕಿರೋದು ನೋಡಿ ಹೋಗಬಾರದು" ಅನ್ನುತ್ತಿದ್ದರು. ಆಗ ಅದು ಸುಮ್ನೆ ಹೇಳಿದ ಮಾತು ಅನ್ನಿಸಿತ್ತು.

ಬೋಣಿ ಅನ್ನುವ ಪದ ನಿಮಗೆಲ್ಲ ಗೊತ್ತು. ದಿನದ ಮೊದಲ ವ್ಯಾಪಾರ. ಗಾಂಧಿ ಬಜಾರಿನ ಹೂವಿನವರಿಂದ ಹಿಡಿದು ಅವೆನ್ಯೂ ರಸ್ತೆಯ ಹಳೇ ಪುಸ್ತಕದವರವರೆಗೆ ಎಲ್ಲರಿಗೂ ಅದರ ಮೇಲೆ ನಂಬಿಕೆ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅಪ್ಪ ಮಧ್ಯಾಹ್ನ ಬಂದವರ ಹತ್ತಿರ ಐದು ರೂಪಾಯಿಗೂ ಚೌಕಾಸಿ ಮಾಡುವವರು. ಆದರೆ ಬೆಳಿಗ್ಗೆ ಮೊದಲು ಬಂದವರು ಎಷ್ಟು ಕೊಟ್ಟರೂ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ನನ್ನ ಬೆಳಗಿನ ಮೊದಲ ವಾಕ್ಯವನ್ನು ನಾನು ಈಗ ಹಾಗೆ ನೋಡುತ್ತೇನೆ. ಏನು ಬಂದರೂ ಸರಿ, ಬರೆದುಬಿಡುತ್ತೇನೆ. "ಅವತ್ತು ಬಿಸಿಲು ಜಾಸ್ತಿ ಇತ್ತು" ಅಂತ ಬಂದರೆ ಅದೇ. ಅದು ಪುಸ್ತಕದಲ್ಲಿ ಉಳಿಯುತ್ತದೋ ಇಲ್ಲವೋ ಅಂತ ಆ ಹೊತ್ತಿನಲ್ಲಿ ಕೇಳುವುದಿಲ್ಲ. ಎರಡನೇ ವಾಕ್ಯದ ಹತ್ತಿರ ಬೇಕಾದರೆ ಚೌಕಾಸಿ ಮಾಡಬಹುದು.

ಬೋಣಿಯ ವಾಕ್ಯವನ್ನು ಹಿಂದಿನ ದಿನವೇ ಹುಡುಕಿ ಇಟ್ಟುಕೊಳ್ಳುವ ಒಂದು ದಾರಿಯೂ ಸಿಕ್ಕಿದೆ. ನನ್ನ ಆಫೀಸು ಇರುವುದು ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಐಟಿಪಿಎಲ್ ಕಡೆ. 2023ರ ಅಕ್ಟೋಬರಿನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ತೆರೆಯುವವರೆಗೂ 335ಇ ಬಸ್ಸಿನಲ್ಲಿ ನಿಂತುಕೊಂಡೇ ಹೋಗುತ್ತಿದ್ದೆ. ಈಗ ವಿಜಯನಗರದಲ್ಲಿ ಹತ್ತಿದರೆ ಒಂದೇ ರೈಲು. ಮೊದಮೊದಲು ಅದರಲ್ಲೂ ಬರೆಯಲು ನೋಡಿದೆ. ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದರಲ್ಲಿ ಕಂಬಿ ಹಿಡಿದು ಕನ್ನಡ ಟೈಪ್ ಮಾಡುವುದು ಆಗುವ ಕೆಲಸವಲ್ಲ. ಒತ್ತಕ್ಷರ ಎಲ್ಲ ಎಲ್ಲೆಲ್ಲೋ ಕೂರುತ್ತವೆ. ಈಗ ಬರೆಯುವುದಿಲ್ಲ. ಮಾಗಡಿ ರಸ್ತೆ ದಾಟಿ ರೈಲು ಸುರಂಗಕ್ಕೆ ಇಳಿಯುತ್ತದಲ್ಲ, ಆಗ ಕಿಟಕಿಯಲ್ಲಿ ಊರು ಹೋಗಿ ನಮ್ಮ ಮುಖಗಳೇ ಕಾಣುತ್ತವೆ. ಅಲ್ಲಿಂದ ಕಬ್ಬನ್ ಪಾರ್ಕ್ ದಾಟಿ ಎಂ.ಜಿ. ರಸ್ತೆಯಲ್ಲಿ ಮತ್ತೆ ಬೆಳಕು ಬರುವವರೆಗೆ ಒಂದೇ ಕೆಲಸ: ಬೆಳಿಗ್ಗೆ ಎಲ್ಲಿ ನಿಲ್ಲಿಸಿದೆ, ನಾಳೆ ಯಾರು ಮೊದಲು ಬಾಯಿ ತೆರೆಯುತ್ತಾರೆ. ಅಷ್ಟೇ. ಸಿಕ್ಕಿದರೆ ಸಿಕ್ಕಿತು.

ಎಷ್ಟು ಬರೆದರೆ ಬರೆದ ಹಾಗೆ

ದಿನಕ್ಕೆ ಎಷ್ಟು ಬರೆಯಬೇಕು ಅಂತ ಹುಡುಕಲು ಹೋದರೆ ಸಿಗುವುದೆಲ್ಲ ಇಂಗ್ಲಿಷಿನ ಲೆಕ್ಕ. 1999ರಲ್ಲಿ ಅಮೆರಿಕದಲ್ಲಿ 21 ಜನ ಗೆಳೆಯರು ಸೇರಿ ಒಂದು ತಿಂಗಳಲ್ಲಿ ಒಂದು ಕಾದಂಬರಿ ಬರೆಯುವ ಪಂಥ ಕಟ್ಟಿಕೊಂಡರು. ಅದೇ ಮುಂದೆ ನ್ಯಾನೋರೈಮೋ ಅಂತ ಜಗತ್ತಿಗೆಲ್ಲ ಹಬ್ಬಿತು. ನವೆಂಬರ್ ತಿಂಗಳ 30 ದಿನದಲ್ಲಿ 50,000 ಪದ, ಅಂದರೆ ದಿನಕ್ಕೆ 1,667. ಅದನ್ನು ನಡೆಸುತ್ತಿದ್ದ ಸಂಸ್ಥೆ 2025ರಲ್ಲಿ ಮುಚ್ಚಿತು. ಆದರೂ ಆ ಸಂಖ್ಯೆ ಬರೆಯುವವರ ತಲೆಯಲ್ಲಿ ಉಳಿದಿದೆ. 2019ರ ನವೆಂಬರಿನಲ್ಲಿ ನಾನೂ ಅದನ್ನು ಕನ್ನಡದಲ್ಲಿ ಮಾಡಲು ಹೊರಟೆ. ಒಂಬತ್ತನೇ ದಿನಕ್ಕೆ ಕೈಬಿಟ್ಟೆ. ನನಗೆ ಶ್ರದ್ಧೆ ಇಲ್ಲ ಅಂತ ತುಂಬ ನೊಂದುಕೊಂಡೆ.

ಈಗ ನೋಡಿದರೆ ಲೆಕ್ಕವೇ ನಮ್ಮ ಭಾಷೆಗೆ ಹೊಂದುವುದಿಲ್ಲ. 'ಹೋಗಬಾರದಿತ್ತು' ಅನ್ನುವುದು ಕನ್ನಡದಲ್ಲಿ ಒಂದು ಪದ. ಅದನ್ನೇ ಇಂಗ್ಲಿಷಿನಲ್ಲಿ 'ಐ ಶುಡ್ ನಾಟ್ ಹ್ಯಾವ್ ಗಾನ್' ಅಂದರೆ ಐದು ಪದ. 'ಅಂಗಡಿಯೊಳಗಿಂದಲೇ' ಅನ್ನುವುದೂ ನಮಗೆ ಒಂದೇ. ನಾವು ಪ್ರತ್ಯಯಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಿಕೊಂಡು ಹೋಗುವವರು. ಒಂದೇ ಮಾತನ್ನು ಹೇಳಲು ನಮಗೆ ಪದ ಕಡಿಮೆ ಸಾಕು, ಆದರೆ ಪ್ರತಿ ಪದವೂ ಭಾರ. ದಿನಕ್ಕೆ 1,667 ಕನ್ನಡ ಪದ ಅಂದರೆ ಇಂಗ್ಲಿಷಿನವರು ಹೊತ್ತದ್ದಕ್ಕಿಂತ ಎಷ್ಟೋ ದೊಡ್ಡ ಮೂಟೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಕನ್ನಡದಲ್ಲಿ ಬರೆಯಲು ಹೊರಟ ಚಿಕ್ಕ ವಯಸ್ಸಿನವರಿಗೆ ಇದನ್ನು ಮೊದಲೇ ಹೇಳಬೇಕು ಅಂತ ನನ್ನ ಆಸೆ. ಪದ ಎಣಿಸಬೇಡಿ, ಪುಟ ಎಣಿಸಿ. ನಮ್ಮ ಹಿರಿಯರೂ ಪುಟದ ಲೆಕ್ಕದಲ್ಲೇ ಮಾತಾಡುತ್ತಿದ್ದರು ಅಲ್ವಾ? ನನ್ನ ಕೈಬರಹದಲ್ಲಿ ಲಾಂಗ್ ಬುಕ್ಕಿನ ಒಂದು ಪುಟಕ್ಕೆ ಸುಮಾರು 150 ಪದ ಹಿಡಿಯುತ್ತದೆ. ಎರಡು ಪುಟ ಅಂದರೆ 300. ಆ ಸಂಖ್ಯೆಯನ್ನು ಇಂಗ್ಲಿಷಿನ ಬರಹಗಾರರ ಮುಂದಿಟ್ಟರೆ ಸಣ್ಣದು ಅನ್ನಿಸಬಹುದು. ನನಗೆ ಅದು ಒಂದು ಪೂರ್ತಿ ಬೆಳಿಗ್ಗೆ.

ಕೈಯಲ್ಲೇ ಯಾಕೆ ಬರೆಯುತ್ತೀಯ ಅಂತ ಗೆಳತಿಯೊಬ್ಬಳು ಕೇಳಿದಳು. ಮೊದಲು ಆಕಸ್ಮಿಕ. ಆಮೇಲೆ ಕಾರಣ ತಿಳಿಯಿತು. ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪ್ ಮಾಡಲು ಕೂತರೆ ನನ್ನ ಭಾಷೆ ಎದ್ದು ನಿಂತುಬಿಡುತ್ತದೆ. ಪರೀಕ್ಷೆಗೆ ಬರೆದ ಕನ್ನಡ, ಭಾಷಣದ ಕನ್ನಡ. 'ಆತನು ಗವಾಕ್ಷಿಯತ್ತ ದೃಷ್ಟಿ ಹರಿಸಿದನು' ಅಂತ ನಾನು ನಿಜವಾಗಿಯೂ ಬರೆದಿದ್ದೇನೆ, ಮೂರನೆಯ ಫೈಲಿನಲ್ಲಿದೆ. ಆ ಅಂಗಡಿಯಲ್ಲಿ ಗವಾಕ್ಷಿ ಎಲ್ಲಿತ್ತು? ಅಲ್ಲಿ ಇದ್ದದ್ದು ಅಪ್ಪನ ಕನ್ನಡ, ಕಾಜಾ ಮಾಡುವ ಹುಡುಗನ ತಮಿಳು ಬೆರೆತ ಕನ್ನಡ, ಕಟಿಂಗ್ ಮಾಸ್ಟರ್ ಚಾಚಾನ ದಖನಿ ಬೆರೆತ ಕನ್ನಡ. ಚಾಚಾ ಯಾವತ್ತೂ 'ಅಳತೆ' ಅನ್ನಲಿಲ್ಲ, 'ನಾಪು' ಅನ್ನುತ್ತಿದ್ದರು. "ನಾಪು ತಪ್ಪಿದ್ರೆ ಮನುಷ್ಯನೇ ತಪ್ಪು ಕಾಣ್ತಾನೆ ಬೇಟಾ." ಈ ದನಿಗಳು ನನಗೆ ಬೆಳಗಿನ ಜಾವ, ನಿದ್ದೆ ಪೂರ್ತಿ ಬಿಡುವ ಮೊದಲು, ಕೈ ಓಡುವ ವೇಗದಲ್ಲಿ ಮಾತ್ರ ಕೇಳಿಸುತ್ತವೆ. ಆರು ಗಂಟೆ ದಾಟಿದರೆ ನನ್ನೊಳಗಿನ ಕನ್ನಡ ಮೇಡಂ ಎದ್ದು ತಿದ್ದಲು ಶುರುಮಾಡುತ್ತಾರೆ. ಅವರು ಬೇಕು, ಆದರೆ ಮುಂದಿನ ವರ್ಷ.

ಕಿತ್ತು ಹಾಕೋಕೇ ಹೊಲಿದದ್ದು

ನನಗೆ ಹತ್ತು ವರ್ಷ ಇದ್ದಾಗಿನ ಮಾತು. ಬೇಸಿಗೆ ರಜೆ. ಒಬ್ಬ ಮದುಮಗನ ಕೋಟು ಅಂಗಡಿಯಲ್ಲಿತ್ತು. ನೀಲಿ ಟೆರಿವುಲ್. ಆ ಕಾಲಕ್ಕೆ ಅದು ದುಬಾರಿ ಬಟ್ಟೆ. ಅಪ್ಪ ಎರಡು ದಿನದಿಂದ ಅದರ ಮೇಲೆ ಕೂತಿದ್ದರು. ಒಳಗೆ ಕ್ಯಾನ್ವಾಸ್ ಇಟ್ಟು, ಬಿಳಿ ನೂಲಿನಲ್ಲಿ, ಕೈಯಲ್ಲಿ, ದೊಡ್ಡ ದೊಡ್ಡ ಹೊಲಿಗೆ ಹಾಕುತ್ತಿದ್ದರು. ಕಡು ನೀಲಿಯ ಮೇಲೆ ಬಿಳಿ ಗೆರೆಗಳು, ರಾತ್ರಿ ರಸ್ತೆಯ ಪಟ್ಟಿಗಳ ಹಾಗೆ. ಅದಕ್ಕೆ ಅಂಗಡಿಯಲ್ಲಿ ಕಚ್ಚಾ ಹೊಲಿಗೆ ಅನ್ನುತ್ತಿದ್ದರು. ನನಗೆ ಅದು ಬಹಳ ಚಂದ ಕಾಣುತ್ತಿತ್ತು. ಮದುಮಗ ಟ್ರಯಲ್‌ಗೆ ಬಂದ, ಜೊತೆಗೆ ಅವನ ಸೋದರಮಾವ. ಕನ್ನಡಿ ಮುಂದೆ ನಿಲ್ಲಿಸಿ ಕೋಟು ತೊಡಿಸಿದರು. ಅಪ್ಪ ಹಿಂದೆ ಹೋಗಿ ನಿಂತು ನೋಡಿದರು. ಪಕ್ಕಕ್ಕೆ ಬಂದು ನೋಡಿದರು. ಅವನ ಬಲ ಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿತ್ತು. ಅಳತೆ ತೆಗೆಯುವಾಗ ಅದು ಕಂಡಿರಲಿಲ್ಲ, ಬಹುಶಃ ಅವನು ಬಿಗಿಯಾಗಿ ನಿಂತಿದ್ದ. ಅಪ್ಪ ಏನೂ ಹೇಳಲಿಲ್ಲ. ಕೋಟು ಮೈಮೇಲೆ ಇರುವಾಗಲೇ ಭುಜದ ನೂಲಿನ ತುದಿ ಹಿಡಿದು ಎಳೆದರು. ಸರ್ರ್ ಅಂತ ತೋಳು ಕೈಗೆ ಬಂತು.

ನನಗೆ ಅಳು ಬಂದುಬಿಟ್ಟಿತು. ಎರಡು ದಿನದ ಕೆಲಸ. ಸೋದರಮಾವನೂ ಗಾಬರಿಯಾದ. ಅವರು ಹೋದ ಮೇಲೆ ಅಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಳಿದ ನೂಲು ಬಿಚ್ಚಲು ಸೂಜಿ ಕೊಟ್ಟರು. ಎಷ್ಟು ಸುಲಭವಾಗಿ ಬರುತ್ತಿತ್ತು. ಮಿಷನ್ನಿನ ಹೊಲಿಗೆ ಬಿಚ್ಚಲು ಬ್ಲೇಡ್ ಬೇಕು, ಬಟ್ಟೆಗೆ ತೂತು ಉಳಿಯುತ್ತದೆ, ಒಮ್ಮೊಮ್ಮೆ ಹರಿಯುತ್ತದೆ. ಇದು ಒಂದು ಎಳೆತಕ್ಕೆ ಬಂದುಬಿಡುತ್ತಿತ್ತು. ಬಟ್ಟೆಗೆ ಗೊತ್ತೇ ಆಗದ ಹಾಗೆ. "ಅಷ್ಟು ಕಷ್ಟಪಟ್ಟು ಹೊಲಿದ್ರಿ" ಅಂದೆ. ಅಪ್ಪ ಚಾಕ್ ಹಿಡಿದು ಭುಜದ ಹೊಸ ಗೆರೆ ಎಳೆಯುತ್ತಿದ್ದರು. ತಲೆ ಎತ್ತದೆ, "ಕಿತ್ತು ಹಾಕೋಕೇ ಹೊಲಿದದ್ದು ಕಣಮ್ಮ" ಅಂದರು. "ಇದಿಲ್ದೆ ಅವನ ಭುಜ ಹೇಗೆ ಗೊತ್ತಾಗ್ತಿತ್ತು?"

ಈ ಘಟನೆ ನನಗೆ ಯಾವತ್ತೂ ಮರೆತಿರಲಿಲ್ಲ. ಹದಿನಾಲ್ಕು ಫೈಲುಗಳಲ್ಲಿ ಎರಡರಲ್ಲಿ ಇದನ್ನೇ ಬರೆದಿದ್ದೇನೆ, ಚಂದದ ದೃಶ್ಯ ಅಂತ. ಆದರೆ ಅದು ನನಗೇ ಹೇಳಿದ ಮಾತು ಅಂತ ತಿಳಿಯಲಿಲ್ಲ. ನಾನು ಹನ್ನೊಂದು ವರ್ಷ ಮೊದಲ ಹೊಲಿಗೆಯನ್ನೇ ಮಿಷನ್ನಿನಲ್ಲಿ ಹಾಕುತ್ತಿದ್ದೆ. ಒಂದೊಂದು ವಾಕ್ಯವನ್ನೂ ಬಿಗಿದು, ಕೊನೆಗೆ ಗಂಟು ಹಾಕಿ. ಆಮೇಲೆ ಕತೆಯ ಭುಜ ಎಲ್ಲಿದೆ ಅಂತ ಗೊತ್ತಾದಾಗ ಬಿಚ್ಚಲು ಮನಸ್ಸೇ ಬರುತ್ತಿರಲಿಲ್ಲ. ಹೊಸ ಬಟ್ಟೆ ತೆಗೆದುಕೊಳ್ಳುತ್ತಿದ್ದೆ.

ಇಲ್ಲಿಯೇ ದಿನಚರಿಯ ಕೆಲಸ ನನಗೆ ಅರ್ಥವಾದದ್ದು. ಪ್ರತಿದಿನ ಕೂತರೆ ಶಿಸ್ತು ಬರುತ್ತದೆ, ಪುಟ ಹೆಚ್ಚುತ್ತದೆ ಅನ್ನುತ್ತಾರೆ. ಅದೂ ನಿಜ. ಆದರೆ ದೊಡ್ಡ ಉಪಕಾರ ಬೇರೆ. ನಾಳೆಯೂ ಕೂರುತ್ತೇನೆ ಅಂತ ಗೊತ್ತಿದ್ದರೆ ಇವತ್ತಿನ ಪುಟ ಸಡಿಲವಾಗಿರಲು ಧೈರ್ಯ ಬರುತ್ತದೆ. ಮೂರು ತಿಂಗಳಿಗೊಮ್ಮೆ, ರಜೆ ಹಾಕಿ, ಬಾಗಿಲು ಮುಚ್ಚಿಕೊಂಡು ಬರೆಯುವವಳಿಗೆ ಆ ಧೈರ್ಯ ಇರುವುದಿಲ್ಲ. ಆ ಒಂದು ದಿನದ ಪುಟ ಮೂರು ತಿಂಗಳಿಗೆ ಉತ್ತರ ಕೊಡಬೇಕು. ಅಷ್ಟು ಭಾರವನ್ನು ಯಾವ ವಾಕ್ಯ ತಾಳುತ್ತದೆ? ದಿನವೂ ಬರೆಯುವಾಗ ಇವತ್ತಿನದು ಬರೀ ಇವತ್ತಿನದು. ಕೆಟ್ಟರೆ ಒಂದು ಬೆಳಿಗ್ಗೆ ಕೆಟ್ಟಿತು.

ಒಂದು ಉದಾಹರಣೆ ಹೇಳುತ್ತೇನೆ. ನಾನು ಕಾದಂಬರಿ ಶುರುಮಾಡಿದ್ದು ಕಾಜಾ ಹುಡುಗನಿಂದ. ಅವನ ಕಣ್ಣಿನಿಂದಲೇ ಎಲ್ಲವನ್ನೂ ಹೇಳಬೇಕು ಅಂತಿತ್ತು. ಸುಮಾರು ನಲವತ್ತು ಪುಟ ಹಾಗೇ ಹೋಯಿತು. ಶ್ರಾವಣ ಕಳೆಯುವ ಹೊತ್ತಿಗೆ ಒಂದು ದಿನ ಏನೂ ತೋಚಲಿಲ್ಲ. ಬೋಣಿ ಆಗಬೇಕಲ್ಲ, ಕನ್ನಡಿಯ ಬಗ್ಗೆ ಬರೆದೆ. ಅದರ ಪಾದರಸ ಬಿಟ್ಟ ಮೂಲೆ, ಅಂಟಿಸಿದ ಬಿಂದಿ. ಬರೆಯುತ್ತ ಬರೆಯುತ್ತ ಕನ್ನಡಿಯೊಳಗೆ ಒಬ್ಬ ಹೆಂಗಸು ಬಂದು ನಿಂತಳು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಗಂಡಸಿನ ಕೋಟು. ಗಂಡ ತೀರಿಕೊಂಡಿದ್ದಾನೆ. ಅದನ್ನು ಮಗನ ಅಳತೆಗೆ ಮಾಡಿಕೊಡಿ ಅನ್ನುತ್ತಾಳೆ. ಮಗನಿಗೆ ಹದಿನಾಲ್ಕು ವರ್ಷ, ಕಾಲೇಜಿಗೆ ಹೋಗುವಾಗ ಹಾಕಿಕೊಳ್ಳಲಿ ಅಂತ. ಅವಳು ಎಲ್ಲಿಂದ ಬಂದಳೋ ನನಗೆ ಗೊತ್ತಿರಲಿಲ್ಲ. ಆ ಎರಡು ಪುಟ ಮುಗಿದಾಗ ಮಾತ್ರ ಇಷ್ಟು ಗೊತ್ತಾಯಿತು: ಈ ಪುಸ್ತಕ ಇವಳದು. ಕಾಜಾ ಹುಡುಗ ಪಕ್ಕಕ್ಕೆ ಸರಿಯಬೇಕು.

ಹಳೇ ನಾನಾಗಿದ್ದರೆ ಅವತ್ತೇ ಹಿಂದಕ್ಕೆ ಹೋಗಿ ಮೊದಲಿನಿಂದ ಬರೆಯುತ್ತಿದ್ದೆ. ಈ ಸಲ ಹೋಗಲಿಲ್ಲ. ಅಪ್ಪನ ಡಬ್ಬಿಯಲ್ಲಿ ಉಳಿದಿದ್ದ ಟೈಲರ್ ಚಾಕ್ ತಂದು ಮೊದಲ ಪುಟದ ಅಂಚಿನಲ್ಲಿ ಒಂದು ಗೆರೆ ಎಳೆದು, 'ಇಲ್ಲಿ ಬಿಚ್ಚಬೇಕು' ಅಂತ ಪೆನ್ಸಿಲಿನಲ್ಲಿ ಬರೆದೆ. ಮಾರನೇ ದಿನ ಮೊದಲಿನಿಂದಲೂ ಅವಳೇ ಇದ್ದಳು ಅನ್ನುವ ಹಾಗೆ ಮುಂದುವರಿಸಿದೆ. ಈಗ ಅಂಥ ಹನ್ನೊಂದು ಗೆರೆಗಳಿವೆ. ಒಬ್ಬ ಸೋದರತ್ತೆಯ ಹೆಸರು 60ನೇ ಪುಟದಲ್ಲಿ ಒಂದು, 90ರಲ್ಲಿ ಇನ್ನೊಂದು. ಅದನ್ನು ಸರಿಮಾಡಲು ಕೈ ತುಡಿಯುತ್ತದೆ. ಗೆರೆ ಎಳೆದು ಮುಂದೆ ಹೋಗುತ್ತೇನೆ.

ಎಬ್ಬಿಸುವವರು

19ನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರೋಲೋಪ್ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಲೇ ಬರೆದವನು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದದ ಹಾಗೆ ಬರೆಯುತ್ತಿದ್ದ. ಹೀಗೆ 47 ಕಾದಂಬರಿ ಬರೆದ. ದಿನಚರಿಯ ಮಾತು ಬಂದಾಗಲೆಲ್ಲ ಈ ಗಡಿಯಾರದ ಕತೆ ಹೇಳುತ್ತಾರೆ. ಅವನು ತನ್ನ ಆತ್ಮಕತೆಯಲ್ಲಿ ಹೇಳಿಕೊಂಡ ಇನ್ನೊಂದು ವಿಷಯವನ್ನು ಅಷ್ಟಾಗಿ ಹೇಳುವುದಿಲ್ಲ. ಅವನನ್ನು ಎಬ್ಬಿಸಲು ಒಬ್ಬ ವಯಸ್ಸಾದ ಆಳು ಇದ್ದ. ಆ ಕೆಲಸಕ್ಕೆಂದೇ ವರ್ಷಕ್ಕೆ ಐದು ಪೌಂಡ್ ಜಾಸ್ತಿ ಸಂಬಳ. ಆ ಮುದುಕ ಒಂದು ದಿನವೂ ತಡ ಮಾಡದೆ ಕಾಫಿ ತಂದುಕೊಡುತ್ತಿದ್ದ. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತಲೂ ಅವನಿಗೇ ಹೆಚ್ಚು ಋಣಿ ಅಂತ ಟ್ರೋಲೋಪ್ ಬರೆದಿದ್ದಾನೆ. ನನಗೆ ಗಡಿಯಾರಕ್ಕಿಂತ ಈ ಮುದುಕನೇ ಮುಖ್ಯ ಅನ್ನಿಸುತ್ತಾನೆ.

ಯಾಕೆಂದರೆ ನಮ್ಮ ಮನೆಗಳಲ್ಲಿ ಬೆಳಗಿನ ಹೊತ್ತು ಹೆಂಗಸಿನದಲ್ಲ. ಐದರಿಂದ ಏಳು ಅಂದರೆ ತಿಂಡಿ, ಡಬ್ಬಿ, ಹಾಲು, ಯೂನಿಫಾರ್ಮ್. ಮೊದಲ ಎರಡು ವಾರ ನಾನು ನಾಲ್ಕೂವರೆಗೆ ಎದ್ದು ಬರೆದು, ಆರರ ಮೇಲೆ ಎಲ್ಲ ಕೆಲಸವನ್ನೂ ಓಡಿ ಓಡಿ ಮಾಡಿದೆ. ಮೂರನೇ ವಾರ ಆಫೀಸಿನ ಮೀಟಿಂಗಿನಲ್ಲಿ ಕಣ್ಣು ಮುಚ್ಚಿಹೋಯಿತು. ಅವತ್ತು ರಾತ್ರಿ ಗಂಡನ ಹತ್ತಿರ ಹೇಳಿದೆ. ಹೇಳಲು ಯಾಕೋ ಸಂಕೋಚವಾಯಿತು. ಪುಸ್ತಕ ಆಗುತ್ತದೆ ಅನ್ನುವ ಭರವಸೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರು ಪುಸ್ತಕದ ಬಗ್ಗೆ ಕೇಳಲೂ ಇಲ್ಲ. ಮಾರನೇ ದಿನದಿಂದ ತಿಂಡಿ ಅವರದು. ನೀರಿನ ದಿನ ಮೋಟರ್ ಆಫ್ ಮಾಡುವುದು ಮಗಳದು. ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಬಂದರೆ ನನಗೆ ಇನ್ನು ಹತ್ತು ನಿಮಿಷ ಅಂತ ಲೆಕ್ಕ. ಆ 27 ದಿನಗಳಲ್ಲಿ ಹೆಚ್ಚಿನವು ಮಗಳ ಪರೀಕ್ಷೆಯವು, ಅತ್ತೆಗೆ ಜ್ವರ ಬಂದವು. ಅವುಗಳ ಬಗ್ಗೆ ನನಗೆ ಬೇಸರವಿಲ್ಲ. ತಪ್ಪಿದ ದಿನದ ಪುಟವನ್ನು ಮಾರನೇ ದಿನ ಸೇರಿಸಿ ಬರೆಯಲು ಹೋಗುವುದಿಲ್ಲ. ಅಂಗಡಿ ಒಂದು ದಿನ ಮುಚ್ಚಿತ್ತು ಅಂತ ಮರುದಿನ ಎರಡು ಸಲ ಷಟರ್ ಎತ್ತುವುದಿಲ್ಲವಲ್ಲ.

ತಡವಾಯಿತೇ ಅನ್ನುವ ಯೋಚನೆಯೂ ಬರುತ್ತದೆ. ನನಗೆ ನಲವತ್ಮೂರು. ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರಿಗೆ 46 ತುಂಬಿದಾಗ. ಮನೆ, ಮಕ್ಕಳು ಎಲ್ಲ ನಡೆದಮೇಲೆ ಶುರುಮಾಡಿ, ಅಲ್ಲಿಂದ ಮುಂದೆ ಸಾಲು ಸಾಲು ಕಾದಂಬರಿ ಬರೆದರು. ಮನಸ್ಸು ಕುಗ್ಗಿದಾಗ ಆ ವರ್ಷವನ್ನು ನೆನಪಿಸಿಕೊಳ್ಳುತ್ತೇನೆ.

ಕೋಟು

ಅಮ್ಮ ರಾಜಾಜಿನಗರದಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಭಾನುವಾರ ನಾನು ಹೋಗುತ್ತೇನೆ. ಅವರಿಗೆ ಈಗ ಓದಲು ಕಣ್ಣು ಸಾಲದು. ಅದಕ್ಕೆ ಆ ವಾರ ಬರೆದದ್ದರಲ್ಲಿ ಎರಡು ಪುಟ ಓದಿ ಹೇಳುತ್ತೇನೆ. ಮೊದಲ ಕರಡನ್ನು ಯಾರಿಗೂ ತೋರಿಸಬಾರದು ಅನ್ನುತ್ತಾರೆ, ನಾನೂ ಬೇರೆ ಯಾರಿಗೂ ತೋರಿಸಿಲ್ಲ. ಅಮ್ಮ ಬರಹ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಹೇಳುವವರಲ್ಲ. "ಅಂಗಡಿ ಮುಂದೆ ಇದ್ದದ್ದು ಹೊಂಗೆ ಮರ ಅಲ್ಲ, ನುಗ್ಗೆ ಮರ" ಅನ್ನುತ್ತಾರೆ. "ಚಾಚಾ ಚಹಾಕ್ಕೆ ಸಕ್ಕರೆ ಹಾಕಿಸ್ಕೊಳ್ತಿರಲಿಲ್ಲ" ಅನ್ನುತ್ತಾರೆ. ನಾನು ಅಂಚಿನಲ್ಲಿ ಬರೆದುಕೊಳ್ಳುತ್ತೇನೆ.

ಆ ಹೆಂಗಸಿನ ಭಾಗವನ್ನು ಇಷ್ಟು ದಿನ ಓದಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅಮ್ಮನ ಮುಂದೆ ಸತ್ತ ಗಂಡನ ಕೋಟಿನ ಮಾತು ಯಾಕೆ ಅಂತ. ಕಳೆದ ಭಾನುವಾರ ಅವರೇ ಕೇಳಿದರು, ಈಗ ಎಲ್ಲಿಗೆ ಬಂತು ಅಂತ. ಓದಿದೆ. ಹೆಂಗಸು ಕೋಟು ಕೊಡುತ್ತಾಳೆ. ಎರಡು ವಾರ ಬಿಟ್ಟು ಮಗನ ಜೊತೆ ಬರುತ್ತಾಳೆ. ಮಗ ಕನ್ನಡಿ ಮುಂದೆ ನಿಲ್ಲುತ್ತಾನೆ, ತೋಳು ಸ್ವಲ್ಪ ಉದ್ದವಿದೆ, ಬೆಳೆಯುವ ಹುಡುಗ ಅಂತ ಅಪ್ಪನಂಥ ಆ ಟೈಲರ್ ಬೇಕಂತಲೇ ಬಿಟ್ಟಿದ್ದಾನೆ. ನನಗೆ ಇಷ್ಟವಾದ ಪುಟ ಅದು. ಅಮ್ಮ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಅವಳು ಬರಲೇ ಇಲ್ಲವಲ್ಲ" ಅಂದರು.

ಯಾರು ಅಂದೆ. ಅಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. ನನಗೆ ಆರೇಳು ವರ್ಷ ಇದ್ದಾಗ ನಡೆದದ್ದಂತೆ. ನಾನು ಅಂಗಡಿಯಲ್ಲೇ ಇದ್ದೆನಂತೆ, ಟೇಬಲ್ ಕೆಳಗೆ ತುಂಡು ಬಟ್ಟೆ ಆಯ್ದುಕೊಳ್ಳುತ್ತಿದ್ದೆನಂತೆ. ಹೆಂಗಸು ಕೋಟು ಕೊಟ್ಟು, ಐವತ್ತು ರೂಪಾಯಿ ಮುಂಗಡ ಕೊಟ್ಟು ಹೋದಳು. ಅಪ್ಪ ಮಗನ ಅಳತೆಗೆ ಮಾಡಿಟ್ಟರು. ಅವಳು ಬರಲಿಲ್ಲ. ಒಂದು ವರ್ಷ ಬರಲಿಲ್ಲ, ಎರಡು ವರ್ಷ ಬರಲಿಲ್ಲ. ಯಾರೋ ಕೊಳ್ಳುತ್ತೇವೆ ಅಂದರೂ ಅಪ್ಪ ಕೊಡಲಿಲ್ಲ. 2004ರಲ್ಲಿ ಅಂಗಡಿ ಮುಚ್ಚುವವರೆಗೂ ಕನ್ನಡಿ ಪಕ್ಕದ ಮೊಳೆಯಲ್ಲಿ ತೂಗಾಡುತ್ತಿತ್ತಂತೆ. ಕಂದು ಬಣ್ಣದ ಕೋಟು. ಆ ಕೋಟು ನನಗೆ ನೆನಪಿದೆ. ಅದು ಅಪ್ಪನದೇ ಅಂತ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ.

ಅವಳು ವಾಪಸ್ಸು ಬಂದದ್ದು 117ನೇ ಪುಟದಲ್ಲಿ. ಅಲ್ಲಿಂದ ಇಲ್ಲಿಯವರೆಗೆ 61 ಪುಟ ಅವಳ ಮಗ ಆ ಕೋಟು ಹಾಕಿಕೊಂಡು ಓಡಾಡಿದ್ದಾನೆ. ಸೋಮವಾರ ಬೆಳಿಗ್ಗೆ ಚಾಕ್ ತೆಗೆದು 117ರ ಅಂಚಿನಲ್ಲಿ ಗೆರೆ ಎಳೆದೆ. 'ಕೋಟು ಅಂಗಡಿಯಲ್ಲೇ ಉಳಿಯಿತು' ಅಂತ ಬರೆದೆ. 179ನೇ ಪುಟ ತೆರೆದೆ. ಮೊಳೆಯ ಬಗ್ಗೆ ಒಂದು ವಾಕ್ಯ ಬಂತು, ಅದನ್ನೇ ಬರೆದೆ. ಅಷ್ಟರಲ್ಲಿ ಮೇಲೆ ಟ್ಯಾಂಕ್ ತುಂಬಿತು, ಮಗಳು ಎದ್ದು ಬಂದು ಮೋಟರ್ ಆಫ್ ಮಾಡಿದಳು.